ಹಿತಕಿಬಿಟ್ಟ ಬೀಜ

ಶೆಟ್ಟಿಹಳ್ಳಿಯ ಮುನಿಗಂಗಮ್ಮನಿಗೆ ಇಂಗ್ಲಿಷಿನ ಒಂದೇ ಒಂದು ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಲೋಕಲ್. ಅದನ್ನು ದಿನಾ ಅವಳ ಕಿವಿಗೆ ತುರುಕುತ್ತಿದ್ದವನು ಕಾರ್ಖಾನೆ ಕ್ಯಾಂಟೀನಿನ ಮ್ಯಾನೇಜರ್ ಶ್ರೀರಾಮಪ್ಪ. ನಲ್ಲಿ ಸೋರಿದರೆ ಲೋಕಲ್ ಮಾಲು. ಯಾರಾದರೂ ಜೋರಾಗಿ ಮಾತಾಡಿದರೆ, ಲೋಕಲ್ ಜನ, ಬಿಡ್ರೀ. ಊರಿನವರು ಗೇಟಿನ ಮುಂದೆ ಕೂಗಾಡಿದ ದಿನ ಮಾತ್ರ ಅದೇ ಬಾಯಲ್ಲಿ, ನಮ್ಮಲ್ಲಿ ಲೋಕಲ್‌ನವರಿಗೇ ಮೊದಲು ಕೆಲಸ. ಇಷ್ಟಕ್ಕೂ ಈ ಮಹಾನುಭಾವ ಇಲ್ಲೇ ಹತ್ತಿರದ ರಾಜಾನುಕುಂಟೆಯಲ್ಲಿ ಹುಟ್ಟಿ ಸಗಣಿ ಬಾಚಿ ಬೆಳೆದವನು. ಟೈ ಕಟ್ಟಿದ ಮೇಲೆ ಅದೆಲ್ಲ ಮರೆತುಹೋಗಿತ್ತು. ಥೂ, ಅವನ ಟೈಗಿಷ್ಟು.

ಕಾರ್ಖಾನೆ ನಿಂತದ್ದೇ ಮುನಿಗಂಗಮ್ಮನ ಹೊಲದ ಮೇಲೆ. ಹೊಲ ಬಿಟ್ಟವರ ಮನೆಗೊಂದು ಕಾಯಂ ಕೆಲಸ ಎಂದಿದ್ದರು. ಎಂಬತ್ತೊಂದನೇ ಇಸವಿ ಬಂದರೂ ಅವಳು ಪಾತ್ರೆ ತಿಕ್ಕುವ ಕೂಲಿಯವಳೇ. ಗಂಡ ಹಾಸಿಗೆ ಹಿಡಿದಿದ್ದ. ಅವಳು ಕಾಯಂ ಆದರೆ ಕಾರ್ಖಾನೆಯ ಡಾಕ್ಟರು ಅವನನ್ನು ನೋಡುತ್ತಿದ್ದರು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಜೂನಿನಲ್ಲಿ ಹೆಡ್ಡಾಫೀಸಿನ ದೊಡ್ಡ ಸಾಹೇಬರು ಬರುವುದೆಂದಾಯಿತು.

"ಸಾಹೇಬ್ರಿಗೆ ಲೋಕಲ್ ಊಟ ಬೇಕಂತಮ್ಮ, ಹಿತಕಿದ ಬೇಳೆ ಸಾರು," ಎಂದ ಶ್ರೀರಾಮಪ್ಪ. ನಿನ್ನೆಯವರೆಗೂ ಬೈಗುಳವಾಗಿದ್ದ ಮಾತಿಗೆ ಈಗ ಅವನ ಬಾಯಲ್ಲಿ ನೀರೂರುತ್ತಿತ್ತು.

"ಈಗೆಲ್ಲಿ ಸೋಮಿ ಅವರೆಕಾಯಿ? ಅದು ಸಂಕ್ರಾಂತಿಗಲ್ವಾ?"

"ಎಲ್ಲಿಂದಾದ್ರೂ ತಾ. ನಿನ್ನ ಕಾಯಂ ಮಾಡೋದು ಅವರ ಕೈಲೇ ಇರೋದು."

ಮುನಿಗಂಗಮ್ಮನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಯಾರನ್ನಾದರೂ ಏನಾದರೂ ಕೇಳಬೇಕಾದರೆ ಮೊದಲು ಮನೆಯ ಕಾಳಿನ ಸಾರು ಬಡಿಸಬೇಕು, ಕೈಗೆ ನೀರು ಹಾಕುವಾಗ ಕೇಳಬೇಕು. ಉಂಡ ಕೈ ಆರುವ ಮೊದಲು ಇಲ್ಲ ಎಂದು ಯಾರೂ ಹೇಳುವುದಿಲ್ಲ. ಅವಳ ಅತ್ತೆ ಹಾಗೆ ಕೇಳಿಯೇ ಅವಳನ್ನು ಸೊಸೆ ಮಾಡಿಕೊಂಡಿದ್ದಳು.

ಮನೆಯಲ್ಲಿ ಉಳಿದಿದ್ದ ಅವರೆ ಒಂದೇ. ಹೋದ ಹೊಲದ ಬೀಜ, ವರ್ಷವರ್ಷವೂ ಹಿತ್ತಲಲ್ಲಿ ಬಿತ್ತಿ ಉಳಿಸಿಕೊಂಡದ್ದು, ಬೂದಿ ಬೆರೆಸಿ ಮಡಕೆಯಲ್ಲಿಟ್ಟಿದ್ದಳು. ಮಳೆ ಬಿದ್ದ ಮೇಲೆ ಬಿತ್ತಬೇಕಾದದ್ದನ್ನು ಅಷ್ಟೂ ನೆನೆಹಾಕಿ, ಒಂದೊಂದೇ ಹಿತಕಿ ಸಿಪ್ಪೆ ತೆಗೆದಳು. ಬೆರಳು ನೊಂದಿತು, ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯಿತು.

ಸಾಹೇಬರು ಮುದ್ದೆ ಮುರಿದು, ಬೆವರು ಒರೆಸಿಕೊಂಡು, ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಲೋಕಲ್ ಟೇಸ್ಟಿಗೆ ಸಮ ಯಾವುದಿದೆ ಎಂದರು. ಮುನಿಗಂಗಮ್ಮ ಚೊಂಬಿನಿಂದ ನೀರು ಹಾಕುತ್ತಾ ಕೇಳಿದಳು.

"ಬುದ್ಧೀ, ನನ್ನ ಕಾಯಂ ಮಾಡ್ಕೊಡಿ. ಮನೇಲಿ ಗಂಡ ಏಳಂಗಿಲ್ಲ."

ಸಾಹೇಬರು ಶ್ರೀರಾಮಪ್ಪನ ಮುಖ ನೋಡಿದರು.

"ಲೋಕಲ್‌ನವರನ್ನ ಕಾಯಂ ಮಾಡಿದ್ರೆ ಮುಗೀತು ಸಾರ್," ಎಂದ ಅವನು. "ಊರಹಬ್ಬ, ತಿಥಿ ಅಂತ ರಜಾ ಹಾಕ್ಕೊಂಡು ಕೂತ್ಬಿಡ್ತಾರೆ."

ಸಾಹೇಬರು ಅವನ ಮಾತಿಗೆ ಹೌದೆಂದು ತಲೆಯಾಡಿಸಿ, ಅವಳ ಕೈಯಲ್ಲಿದ್ದ ಟವಲಿಗೇ ಕೈ ಒರೆಸಿ, ಒಂದು ತೇಗು ತೇಗಿ ಹೊರಟರು. ಆ ತೇಗಿನಲ್ಲಿ ಅವಳದೇ ಸಾರಿನ ವಾಸನೆಯಿತ್ತು.

ಕಾರಿನವರೆಗೆ ಹೋದ ಶ್ರೀರಾಮಪ್ಪ ಏದುಸಿರು ಬಿಡುತ್ತಾ ವಾಪಸು ಬಂದ.

"ಸಾಹೇಬ್ರ ಬಂಗ್ಲೆ ಹಿತ್ತಲಿಗೆ ಒಂದು ಹಿಡಿ ಬೀಜ ಬೇಕಂತಮ್ಮ. ಇಂಥ ಲೋಕಲ್ ಅವರೆ ಈಗ ಎಲ್ಲೂ ಸಿಗಲ್ವಂತೆ."

ಮುನಿಗಂಗಮ್ಮ ಮೂಲೆಯಲ್ಲಿದ್ದ ಬುಟ್ಟಿಯನ್ನು ಕಾಲಿನಿಂದ ಅವನ ಕಡೆ ನೂಕಿದಳು.

"ಬೀಜ ನೀವು ಉಂಡಾಯ್ತು ಸೋಮಿ. ಸಿಪ್ಪೆ ಅದೆ, ಬಿತ್ಕೊಳ್ಳಿ."