ಅಣ್ಣ ಬೇಡವೆಂದ ಗಾಜು

ಹೊನ್ನವಳ್ಳಿಯ ನಮ್ಮ ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಪಕ್ಕದ ಕೋಣೆಯಲ್ಲಿ ನನ್ನ ಕರೆಂಟಿನ ಗೂಡು ಇದೆ. ಗಾಜಿನ ತುಂಡುಗಳನ್ನು ಜೋಡಿಸಿ ಅದರಲ್ಲಿಟ್ಟರೆ ಕಾದು, ಕರಗಿ, ಒಂದೇ ಮೈಯಾಗುತ್ತವೆ. ಅಚ್ಚಿನ ಮೇಲಿಟ್ಟರೆ ಬಾಗಿ ಅದರ ಆಕಾರಕ್ಕೆ ಕೂರುತ್ತವೆ. ಅದೇ ನನ್ನ ಕೆಲಸ. ಊರವರು ನನ್ನನ್ನು ಗಾಜು ಬೇಯಿಸುವವಳು ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಮಣ್ಣಿನ ಅಚ್ಚು ತೆಗೆಯಲು ನನಗೊಂದು ಮಾದರಿ ಬೇಕಿತ್ತು. ತೆಂಗಿನ ಹೊಂಬಾಳೆಯನ್ನು ಮುಚ್ಚಿರುತ್ತದಲ್ಲ, ದೋಣಿಯಂಥ ಕವಚ, ಅದು. ಕೆಳಗೆ ಬಿದ್ದವೆಲ್ಲ ಸೀಳಿದ್ದವು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮರಗಳ ಕಾಯಿ ಕೀಳುತ್ತಿದ್ದವನು ಒಬ್ಬನೇ. ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅಂದು ಕೆಲಸ ಮುಗಿಸಿ ತೊಟ್ಟಿಯಲ್ಲಿ ಕೈಕಾಲು ತೊಳೆಯುತ್ತಿದ್ದ.

"ಅಣ್ಣ, ಸೀಳದೇ ಇರೋದು ಒಂದು ಬೇಕಿತ್ತಲ್ಲ," ಎಂದೆ.

"ಅದುಕ್ಕೇನಂತೆ, ಕಿತ್ಕೊಡ್ತೀನಿ ತಗೋ."

ತುಂತುರು ಬಿದ್ದು ಮರ ಜಾರುತ್ತಿತ್ತು. ನನಗೂ ಗೊತ್ತಿತ್ತು. ನಾಳೆ ಹತ್ತು ಎನ್ನಬಹುದಿತ್ತು, ಎನ್ನಲಿಲ್ಲ. ಅವನು ಬಿದ್ದಾಗ ಒಣಗರಿ ಬಿದ್ದಷ್ಟೇ ಸದ್ದಾಯಿತು.

ಬೆನ್ನುಮೂಳೆ ಮುರಿದಿತ್ತು. ತಿಪಟೂರಿಗೆ, ಅಲ್ಲಿಂದ ತುಮಕೂರಿಗೆ ಒಯ್ದೆವು. ಎರಡು ತಿಂಗಳಾದ ಮೇಲೆ ಮನೆಗೆ ಬಂದ. ಕಾಲುಗಳಿಗೆ ಮಾತ್ರ ಜೀವ ಬರಲಿಲ್ಲ.

"ನನ್ನಿಂದ ಹಿಂಗಾಯ್ತು," ಎಂದು ಅವನ ಮಂಚದ ಪಕ್ಕ ಕೂತು ಅತ್ತುಬಿಟ್ಟೆ.

"ಬುಡವ್ವ. ಹತ್ತಿದ್ದು ನಾನು."

ನಾನು ಹೋದಾಗಲೆಲ್ಲ ಅವನಿಗೆ ಮರದ ತುದಿಯದೇ ಮಾತು. "ಮ್ಯಾಲಿಂದ ನೋಡುದ್ರೆ ಗರಿ ಹಸ್ರಾಗಿರಲ್ಲ ಕಣವ್ವ. ಬಿಸ್ಲಿಗೆ ಬೆಳ್ಳಗೆ ಹೊಳೀತಾವೆ. ಒಂದೊಂದು ಮರಾನೂ ದುಂಡುಗೆ, ಚಕ್ರ ಮಡಗ್ದಂಗೆ. ಸಂದೀಲಿ ಕೆರೆ ಒಂಚೂರು."

ಅದನ್ನೇ ಒಂದು ಗಾಜಿನ ಹಲಗೆಯಲ್ಲಿ ಮಾಡಿಕೊಡೋಣ ಅನ್ನಿಸಿತು. ಹಸಿರು ಗಾಜನ್ನು ಕಡ್ಡಿಯಷ್ಟು ಸಣ್ಣಗೆ ಕತ್ತರಿಸಿ, ಒಂದೊಂದು ಗರಿಯ ಮೇಲೂ ಬಣ್ಣವಿಲ್ಲದ ಎಳೆ ಕೂರಿಸಿದೆ. ಕಾದ ಗಾಜು ಒಂದಿಡೀ ದಿನ ನಿಧಾನವಾಗಿ ಆರಬೇಕು. ಮೊದಲ ಸಲ ಆರುವಾಗ ಕರೆಂಟು ಹೋಗಿ ನಡುವೆ ಸೀಳಿತು. ಮತ್ತೆ ಮೊದಲಿನಿಂದ ಕತ್ತರಿಸಿದೆ. ಎರಡನೆಯದು ಉಳಿಯಿತು.

ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ಅವನ ಕಿಟಕಿಯಲ್ಲಿ ನಿಲ್ಲಿಸಿದೆ. ಬಿಸಿಲು ಅದರೊಳಗಿಂದ ಹಾದು ಅವನ ಹೊದಿಕೆಯ ಮೇಲೆ ಬಿತ್ತು. ಬಹಳ ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

"ತಗಂಡೋಗವ್ವ."

"ಚೆನ್ನಾಗಿಲ್ವಾ ಅಣ್ಣ?"

"ಅಂಗೇ ಐತೆ. ಅದುಕ್ಕೇಯ. ದಿನಾ ಇದುನ್ನ ನೋಡ್ಕಂಡು ಮನೀಕಳಕ್ಕಾಗಲ್ಲ."

ಅವನ ಹೆಂಡತಿ ಕಂಬಳಿ ಸುತ್ತಲು ಕೈ ಹಾಕಿದಳು. ಸ್ಕೂಟರಿನಲ್ಲಿ ವಾಪಸು ಬರುವಾಗ ನಾಚಿಕೆಯಿಂದ ಮೈ ಹಿಡಿಯಾಯಿತು. ನನ್ನ ಸಂಕಟ ಕಳೆದುಕೊಳ್ಳಲು ಮಾಡಿದ್ದನ್ನು ಅವನ ಕಣ್ಣೆದುರು ಇಡಲು ಹೋಗಿದ್ದೆ.

ಮುಂದಿನ ಬೇಸಿಗೆಯನ್ನು ಅವನು ದಾಟಲಿಲ್ಲ. ಮಲಗಿ ಮಲಗಿ ಬೆನ್ನು ಹುಣ್ಣಾಗಿ, ಜ್ವರ ಏರಿ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅವನ ಹೆಂಡತಿ ನನ್ನ ಕೈ ಹಿಡಿದು, "ನಿನ್ನ ಕಂಡ್ರೆ ಬಲು ಅಕ್ಕರೆ ಕಣವ್ವ ಆಯಪ್ಪಂಗೆ," ಎಂದಳು.

ಈಗಲೂ ಗೂಡು ಹಚ್ಚುತ್ತೇನೆ. ಬಟ್ಟಲು, ತಟ್ಟೆ, ಯಾರಾದರೂ ಕೇಳಿದ್ದು. ತೆಂಗಿನದೇನನ್ನೂ ಮಾಡಿಲ್ಲ. ಹನಿ ಬಿದ್ದ ದಿನ ಕಾಯಿ ಕೀಳಲು ಯಾರಾದರೂ ಬಂದರೆ, ಬೈಸಿಕೊಂಡರೂ ಸರಿ, ಹತ್ತಗೊಡದೆ ವಾಪಸು ಕಳಿಸುತ್ತೇನೆ.