ಬೆಳ್ಳಿಗಾಗಿ ಒಯ್ದ ಅಂಟು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ ನಾನು ಕಲಬುರ್ಗಿಯಿಂದ ರೈಲಿನಲ್ಲಿ ಹೈದರಾಬಾದಿಗೆ ಪ್ರಯಾಣ ಬೆಳೆಸಿದೆನು. ಬರೆಯುವುದು ಇದೇ ಮೊದಲಾದ್ದರಿಂದ ಲೋಪಗಳನ್ನು ಮನ್ನಿಸಬೇಕಾಗಿ ವಿನಂತಿ. ನನ್ನ ಚೀಲದಲ್ಲಿ ದಿಂಡಿಗ ಮರದ ಅಂಟಿನ ಪೊಟ್ಟಣವಿತ್ತು. ಉಪ್ಪಲ್ ಕಡೆಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಅಕ್ಕನ ಮಗಳು ಸುಮಾ ಅದನ್ನು ತರಹೇಳಿದ್ದಳು. ಅಂತಹ ಅಂಟಿನ ನೀರಿನಿಂದ ಅವಳು ಬೆಳ್ಳಿಯ ನ್ಯಾನೊ ಕಣಗಳನ್ನು ತಯಾರಿಸಿದ್ದಳು. ನಾನು ತಲುಪುವ ಮರುದಿನ ತಮ್ಮ ಕಣ್ಣೆದುರು ಮತ್ತೊಮ್ಮೆ ಮಾಡಿ ತೋರಿಸಿದರೆ ಮಾತ್ರ ಪ್ರಬಂಧವನ್ನು ಪ್ರಕಟಣೆಗೆ ಕಳುಹಿಸುವುದಾಗಿ ಅವಳ ಮಾರ್ಗದರ್ಶಕರು ತಿಳಿಸಿದ್ದರು.

ಸಂಜೆ ಮಣಿಕೊಂಡದ ಅಕ್ಕನ ಮನೆ ತಲುಪಿದೆನು. ಸುತ್ತಲೂ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದುದರಿಂದ ಆಟೋದವನೇ ದಾರಿ ತಪ್ಪಿದ್ದನು. ಸುಮಾ ಇನ್ನೂ ಬಂದಿರಲಿಲ್ಲ. ಪೊಟ್ಟಣವನ್ನು ಅಡುಗೆಮನೆಯಲ್ಲಿಟ್ಟು, ಜೋಳದ ರೊಟ್ಟಿ ಉಂಡು ಮಲಗಿದೆನು.

ಬೆಳಿಗ್ಗೆ ಮನೆ ತುಂಬ ತುಪ್ಪದ ವಾಸನೆ.

“ಅವ್ವಾ, ಅಂಟು ಕರದೀಯೇನ!” ಸುಮಾ ಕೂಗಿದಳು.

“ಕರೀದ ಉಂಡಿ ಹೆಂಗ ಕಟ್ಟಲಿ? ನೀ ಭಾಳ ಸೊರಗೀದಿ ಅಂತ ಮಾಮಾ ತಂದಾನ ಅಂದ್ಕೊಂಡೆ,” ಎಂದಳು ಅಕ್ಕ.

ಒಂದು ಹರಳೂ ಉಳಿದಿರಲಿಲ್ಲ. ನಮ್ಮ ಮನೆಗಳಲ್ಲಿ ಅಂಟು ಬಂದಿತೆಂದರೆ ಬಾಣಂತಿಗೋ ಬಡಕಲಾದವರಿಗೋ ಉಂಡೆ ಕಟ್ಟಲೆಂದೇ ಅರ್ಥ. ತುಪ್ಪ ಹತ್ತಿದ ಅಂಟು ಪ್ರಯೋಗಕ್ಕೆ ನಿರುಪಯುಕ್ತವೆಂದು ಸುಮಾ ತಿಳಿಸಿದಳು. ಬಜಾರಿನಲ್ಲಿ ಕೊಳ್ಳೋಣವೆಂದು ನಾನು ಸಲಹೆ ನೀಡಿದೆನು.

“ಬಜಾರದಾಗ ಏನೇನ ಬೆರಸಿರತಾರೋ, ಮಾಮಾ. ದ್ರಾವಣಕ್ಕ ಬಣ್ಣ ಬರಲಿಲ್ಲಂದ್ರ ಮೊದಲ ಮಾಡಿದ್ದೂ ಸುಳ್ಳು ಅಂತಾರ.”

ಅನ್ಯ ಮಾರ್ಗವಿಲ್ಲದೆ ಸುಲ್ತಾನ್ ಬಜಾರಿಗೆ ಹೋದೆವು. ಬಟ್ಟೆ ಅಂಗಡಿಗಳ ನಡುವೆ ಬೀದರ ಕಡೆಯವರೊಬ್ಬರ ಗಿಡಮೂಲಿಕೆ ಅಂಗಡಿ ಸಿಕ್ಕಿತು.

“ಯಾರರೀ ಬಾಣಂತಿ?” ಎಂದು ಅಂಗಡಿಯವರು ವಿಚಾರಿಸಿದರು.

“ಬೆಳ್ಳಿಗೆ ಬೇಕಾಗೇತ್ರಿ,” ಎಂದಳು ಸುಮಾ.

“ಬೆಳ್ಳಿಗೂ ಉಂಡಿ ತಿನಸ್ತೀರೇನವಾ?”

ಅವಳು ನಗಲಿಲ್ಲ. ದಿಂಡಿಗದ ಅಂಟಿನಲ್ಲಿ ತಿಳಿಯಾದ ಹರಳುಗಳನ್ನಷ್ಟೇ ಆರಿಸಿದಳು.

ಪ್ರಯೋಗಾಲಯದಲ್ಲಿ ಅದನ್ನು ಪುಡಿಮಾಡಿ, ನೀರಿನಲ್ಲಿ ಬಹಳ ಹೊತ್ತು ಕಲಕಿ, ಸೋಸಿದಳು. ಬೆಳ್ಳಿಯ ಲವಣ ಬೆರೆಸಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿಟ್ಟಳು. ಅಂಟಿನ ಕೆಲಸವೇನೆಂದು ಕುತೂಹಲದಿಂದ ಕೇಳಿದೆನು.

“ಅದರಾಗಿನ ಸಕ್ಕರಿಯಂಥಾ ಅಂಶಗಳು ಲವಣದಿಂದ ಬೆಳ್ಳಿ ಬಿಡಸ್ತಾವು, ಮಾಮಾ. ಆಮ್ಯಾಲೆ ಸುತ್ತ ಕುಂತು, ಕಣಗಳು ಗುಂಪಾಗದಂಗ ಕಾಯ್ತಾವು. ವಿಷದ ಕೆಮಿಕಲ್ ಬ್ಯಾಡ.”

ಮಾರ್ಗದರ್ಶಕರು ಬಂದು ನಿಂತರು. ಸುಮಾ ಯಂತ್ರ ತೆರೆದಳು. ನೀರಿನಂತಿದ್ದ ದ್ರಾವಣವು ಜೇನಿನ ಬಣ್ಣಕ್ಕೆ ತಿರುಗಿತ್ತು! ಬಣ್ಣವೊಂದೇ ಸಾಲದೆಂದು ಅವರು ಬೆಳಕು ಅಳೆಯುವ ಉಪಕರಣದಲ್ಲಿ ಪರೀಕ್ಷಿಸಿದರು. ಪರದೆಯ ಮೇಲಿನ ಗೆರೆ ಬೆಳ್ಳಿಯ ಕಣಗಳಿಗೆ ಬರಬೇಕಾದ ಜಾಗದಲ್ಲೇ ಗುಡ್ಡದಂತೆ ಏರಿತು. ಅಂಟು ಬಜಾರಿನದೆಂದು ತಿಳಿದ ಮೇಲೆ, ಬೇರೆ ಕಡೆಯ ಅಂಟಿನಿಂದಲೂ ಫಲ ಬಂದಿರುವುದನ್ನು ಸೇರಿಸಿ ಪ್ರಬಂಧ ಕಳುಹಿಸುವಂತೆ ಹಿಂದಿಯಲ್ಲಿ ಸೂಚಿಸಿದರು.

ಸಂಜೆ ನಿಲ್ದಾಣದಲ್ಲಿ ನನ್ನನ್ನು ರೈಲು ಹತ್ತಿಸುವಾಗ ಸುಮಾ ತಾಯಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅಕ್ಕನ ದನಿ ನನಗೂ ಕೇಳಿಸಿತು:

“ನಾ ಕರೀದಿದ್ರ ಬಜಾರದ ಅಂಟಿನ ಗುಣ ನಿಮಗ ತಿಳೀತಿತ್ತೇನ?”

ಸದರಿ ಪ್ರಶ್ನೆ ಕೇಳಿ ಸುಮಾ ನಕ್ಕುಬಿಟ್ಟಳು. ರೈಲು ಹೊರಟಿತು.