ಲಗ್ನಪತ್ರಿಕೆಯಲ್ಲಿಲ್ಲದ ಆರ್ಡರ್ಲಿ ಮನೆ

ಮೇ ೧೭, ಶನಿವಾರ. ಬೆಳಿಗ್ಗೆ ಏಳೂಕಾಲಿಗೆ ಇದನ್ನು ಬರೆಯಲು ಕೂತೆ. ಮದುವೆ ಮುಗಿಸಿಕೊಂಡು ತಮ್ಮ ನಿನ್ನೆ ಡ್ಯೂಟಿಗೆ ಮರಳಿದ.

ನಮ್ಮ ಕಾನಸೂರಿನ ಕಡೆ ಯಜಮಾನನ ಉದ್ಯೋಗವೇ ಮನೆಯ ಹೆಸರಾಗುತ್ತದೆ; ಉದ್ಯೋಗ ಹೋದರೂ ಹೆಸರು ಹೋಗುವುದಿಲ್ಲ. ಅಜ್ಜ ಮಿಲಿಟರಿಯಲ್ಲಿ ಒಬ್ಬ ಕರ್ನಲ್‌ಗೆ ಆರ್ಡರ್ಲಿಯಾಗಿದ್ದ. ಹಾಗಾಗಿ ನಮ್ಮದು ಆರ್ಡರ್ಲಿ ಮನೆ. ಅಧಿಕಾರಿಯ ಆರ್ಡರನ್ನು ಒಯ್ದು ಮುಟ್ಟಿಸುವ ಸಿಪಾಯಿ ಆರ್ಡರ್ಲಿ. ಇಂಗ್ಲಿಷ್ ಸೈನ್ಯದಲ್ಲಿ ಆ ಶಬ್ದ ಹುಟ್ಟಿದ್ದು ಹಾಗೆ. ಗುಂಡು ಹಾರುವಲ್ಲಿ ಕಾಗದ ಒಯ್ಯುತ್ತಿದ್ದೆ ಎಂದು ಅಜ್ಜ ಹೇಳುತ್ತಿದ್ದ. ಸೊಸೆಯಾಗಿ ಬಂದ ನಮ್ಮಮ್ಮ, ಆಯಿ, ಅದನ್ನೇ ನಮಗೆ ಹೇಳಿ ಬೆಳೆಸಿದಳು.

ಆ ಶಬ್ದದ ಉಳಿದ ಅರ್ಥಗಳನ್ನು ನಾನು ಕೇಳಿದ ದಿನವೇ ಬರೆದಿಟ್ಟೆ. ಸಿದ್ದಾಪುರದ ಮುದುಕಿ ನರ್ಸೊಬ್ಬಳಿಗೆ ಆರ್ಡರ್ಲಿ ಎಂದರೆ ರೋಗಿಯನ್ನು ಎತ್ತಿ ಮಲಗಿಸುವವನು. ಯಲ್ಲಾಪುರದ ಲಾರಿಯವರಲ್ಲಿ ಅದು ಬೈಗುಳ: ಮಾಲಕನ ಹಿಂದೆ ಬ್ಯಾಗು ಹಿಡಿದು ತಿರುಗುವವನು. ಇನ್ನೊಂದು ಅರ್ಥ ತಮ್ಮನಿಂದಲೇ ತಿಳಿಯಿತು.

ಅವನು ದೂರದ ಜಿಲ್ಲೆಯೊಂದರಲ್ಲಿ ಪೊಲೀಸ್ ಪೇದೆ. ಟ್ರೇನಿಂಗ್ ಮುಗಿದದ್ದೇ ಸಾಹೇಬರೊಬ್ಬರ ಬಂಗಲೆಗೆ ಆರ್ಡರ್ಲಿಯಾಗಿ ಹಾಕಿದರು. ಅಜ್ಜನ ಕೆಲಸವೇ ಮೊಮ್ಮಗನಿಗೂ ಸಿಕ್ಕಿತೆಂದು ಆಯಿ ಊರಿಗೆಲ್ಲ ಸಕ್ಕರೆ ಹಂಚಿದಳು. ಅವನಿಗೆ ಮಂಚಿಕೇರಿಯ ಹುಡುಗಿ ನಿಶ್ಚಯವಾದಳು. ಏಪ್ರಿಲ್ ೫ರಂದು ಆಯಿ, ತಮ್ಮ, ನಾನು ಮೂವರೂ ಶಿರಸಿಯ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಹೋದೆವು.

ತಮ್ಮ ಕರಡು ಓದಿ, “ಮನೆ ಹೆಸರು ತೆಗೀರಿ” ಎಂದ.

ಪ್ರೆಸ್ಸಿನವನು ನಕ್ಕ. “ಇರ್ಲಿ ಬಿಡ್ರಿ. ಇಲ್ದಿದ್ರೆ ಜನ ಯಾರದೋ ಮನೇಲಿ ಉಂಡು, ನಿಮಗೆ ಆಶೀರ್ವಾದ ಮಾಡಿ ಬರ್ತಾರೆ.”

“ಎಂತಕ್ಕೆ ತೆಗೀಬೇಕೋ?” ಆಯಿ ಕೇಳಿದಳು. “ಮಾವಯ್ಯ ಗಳಿಸಿದ ಹೆಸರು. ನಿಂಗೆ ನಾಚ್ಕೆ ಆಗ್ತದ?”

“ಹೌದು, ಆಗ್ತದೆ. ಆಯಿ, ಅಲ್ಲಿ ನಾ ಕಾಗದ ಒಯ್ಯೂದಿಲ್ಲ. ಸಾಹೇಬ್ರ ಮನೆ ಬಾಯೋರ ಸೀರೆ ಒಗೀತೆ. ನಾಯಿ ಹೇತಿದ್ದು ಬಳೀತೆ.”

ಪ್ರೆಸ್ಸಿನವನು ಮುಖ ತಿರುಗಿಸಿ ಶಾಯಿ ಡಬ್ಬಿ ಹುಡುಕತೊಡಗಿದ.

“ಬಿಟ್ಟು ಬಾ ಹಂಗಾರೆ,” ಎಂದಳು ಆಯಿ.

“ಬಿಟ್ಟರೆ ಮಂಚಿಕೇರಿಯವ್ರು ಹೆಣ್ಣು ಕೊಡ್ತ್ರಾ?”

“ತೆಗೀರಿ” ಎಂದು ಆಯಿಯೇ ಪ್ರೆಸ್ಸಿನವನಿಗೆ ಹೇಳಿದಳು.

ಮದುವೆಗೆ ಬಂದವರು ದಾರಿಯಲ್ಲಿ ಆರ್ಡರ್ಲಿ ಮನೆ ಯಾವುದೆಂದು ಕೇಳಿಕೊಂಡೇ ಬಂದರು. ಚಪ್ಪರದ ಬಾಗಿಲಲ್ಲಿ ಯಾರಾದರೂ ಆ ಹೆಸರು ಹೇಳಿದಾಗೆಲ್ಲ ಆಯಿ ಸೊಸೆಯ ಮುಖ ನೋಡುತ್ತಿದ್ದಳು. ಸೊಸೆಗೆ ಇನ್ನೂ ಏನೂ ಗೊತ್ತಿಲ್ಲ. ಹೇಳಬಾರದೆಂದು ನನಗೂ ತಾಕೀತಾಗಿದೆ.

ನಿನ್ನೆ ತಮ್ಮ ಬಸ್ಸು ಹತ್ತಿದ ಮೇಲೆ ಆಯಿ ಒಂದೇ ಮಾತು ಕೇಳಿದಳು: “ಮಾವಯ್ಯನೂ ಒಗೀತಿದ್ದನೇನೇ?”

ನನಗೆ ಗೊತ್ತಿಲ್ಲ. ಅಜ್ಜನ ಕಾಲದಲ್ಲಿ ಮಿಲಿಟರಿಯ ಆರ್ಡರ್ಲಿಗಳು ನಿಜವಾಗಿ ಏನು ಮಾಡುತ್ತಿದ್ದರೆಂದು ಬಲ್ಲವರು ಇದನ್ನು ಓದುವವರಲ್ಲಿ ಯಾರಾದರೂ ಇದ್ದರೆ ನನಗೆ ದಯವಿಟ್ಟು ಬರೆಯಿರಿ. ಇದ್ದದ್ದನ್ನೇ ಬರೆಯಿರಿ. ಆಯಿಗೆ ಓದಿ ಹೇಳುವುದೋ ಬೇಡವೋ, ನಾನು ನೋಡಿಕೊಳ್ಳುತ್ತೇನೆ.